ವಿನ್ಸೆಂಟನ ಗೋಪುರವೂ ನಮ್ಮ ಮನೆಯ ಯಾದಿಯೂ

ಮದುವೆಗೆ ಹೂಂ ಎನ್ನಲೂ ಆಗದೆ, ಒಲ್ಲೆ ಎನ್ನಲೂ ಬಾಯಿ ಬಾರದೆ ಒದ್ದಾಡುವ ಗಂಡಸಿನ ಸಂಕಟವನ್ನು ‘ಕ್ಯಾಥರೀನ್’ ಹಿಡಿದಿಟ್ಟಷ್ಟು ಚೆನ್ನಾಗಿ ಬೇರೆ ಯಾವ ವಿಡಿಯೋ ಗೇಮಿನಲ್ಲಿಯೂ ನಾನು ಕಂಡಿಲ್ಲ. ಜಪಾನಿನ ಅಟ್ಲಸ್ ಕಂಪನಿ 2011ರಲ್ಲಿ ಹೊರತಂದ ಆಟ ಇದು; ನಿರ್ದೇಶಕ ಕತ್ಸುರಾ ಹಶಿನೊ. ನಾನು ಆಡಿದ್ದು 2019ರಲ್ಲಿ ಕಂಪ್ಯೂಟರಿಗೆ ಬಂದ ‘ಕ್ಯಾಥರೀನ್ ಕ್ಲಾಸಿಕ್’.

ಆಟದ ನಾಯಕ ವಿನ್ಸೆಂಟನಿಗೆ 32 ವರ್ಷ. ಬಹುಕಾಲದ ಗೆಳತಿ ಕ್ಯಾಥರೀನ್ ಮದುವೆಯ ಮಾತೆತ್ತಿದಾಗಲೆಲ್ಲ ಅವನು ಬಾಯಿ ಮುಚ್ಚಿ ಕೂರುತ್ತಾನೆ. ‘ಸ್ಟ್ರೇ ಶೀಪ್’ ಎಂಬ ಬಾರಿನಲ್ಲಿ ಅದೇ ಹೆಸರಿನ ಇನ್ನೊಬ್ಬಳ ಪರಿಚಯವಾಗುತ್ತದೆ. ಬೆಳಗಾದರೆ ಅವಳು ಅವನ ಹಾಸಿಗೆಯಲ್ಲಿದ್ದಾಳೆ. ಹಗಲೆಲ್ಲ ಮೊಬೈಲಿಗೆ ಇಬ್ಬರ ಸಂದೇಶ. ರಾತ್ರಿ ಕನಸಿನಲ್ಲಿ, ಬ್ಲಾಕುಗಳನ್ನು ಎಳೆದು, ತಳ್ಳಿ, ಗೋಪುರ ಹತ್ತಬೇಕು, ಬಿದ್ದರೆ ಸಾವು.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಟೂಲ್‌ರೂಮ್ ಕೆಲಸ ಮಾಡುವವನು. ದಿನವೂ ಲೋಹದ ಭಾರ, ಆಧಾರ, ಅಂಚುಗಳ ಲೆಕ್ಕದಲ್ಲೇ ಇರುವುದರಿಂದ ಈ ಒಗಟು ನನ್ನನ್ನು ಕಟ್ಟಿಹಾಕಿತು. ಇಲ್ಲಿ ಬ್ಲಾಕಿನ ಕೆಳಗೆ ಏನೂ ಇರಬೇಕಾಗಿಲ್ಲ, ಕೆಳಗಿನ ಸಾಲಿನ ಇನ್ನೊಂದು ಬ್ಲಾಕಿನ ಅಂಚಿಗೆ ಅದರ ಅಂಚು ತಾಗಿದರೆ ಸಾಕು, ನಿಲ್ಲುತ್ತದೆ. ಎದುರಿಗೆ ಎರಡು ಬ್ಲಾಕಿನ ಎತ್ತರದ ಗೋಡೆ ಇದೆ ಎಂದುಕೊಳ್ಳಿ. ವಿನ್ಸೆಂಟ್ ಒಂದು ಸಲಕ್ಕೆ ಒಂದೇ ಬ್ಲಾಕಿನ ಎತ್ತರ ಹತ್ತಬಲ್ಲ. ಕೆಳಗಿನದನ್ನು ತನ್ನ ಕಡೆಗೆ ಎಳೆದರೆ ಮೇಲಿನದು ಬೀಳುವುದಿಲ್ಲ. ಎಳೆದ ಬ್ಲಾಕಿನ ಅಂಚನ್ನೇ ಹಿಡಿದು ನಿಲ್ಲುತ್ತದೆ. ಒಂದೇ ಎಳೆತಕ್ಕೆ ಗೋಡೆ ಮೆಟ್ಟಿಲಾಗುತ್ತದೆ! ಇದು ಮೊದಲ ಬಾರಿ ಹೊಳೆದಾಗ ಕುರ್ಚಿಯಿಂದ ಎದ್ದು ನಿಂತೆ.

ಆದರೆ ಯೋಚಿಸುತ್ತ ಕೂರಲು ಬಿಡುವುದಿಲ್ಲ. ಗೋಪುರದ ತಳದ ಸಾಲುಗಳು ಒಂದೊಂದಾಗಿ ಕುಸಿಯುತ್ತಲೇ ಇರುತ್ತವೆ. ಕಥೆಯೂ ಆಟವೂ ಒಂದಾಗುವುದು ಇಲ್ಲೇ. ‘ನೋಡೋಣ’ ಎನ್ನುವವನು ತಾನು ನಿಂತಲ್ಲೇ ನಿಂತಿದ್ದೇನೆ ಎಂದುಕೊಳ್ಳುತ್ತಾನೆ. ನೆಲ ಅವನಿಗಾಗಿ ಕಾಯುವುದಿಲ್ಲ. ನಮ್ಮ ಕಡೆ ಕನ್ಯೆ ನೋಡಿ ಬಂದು ತಿಂಗಳುಗಟ್ಟಲೆ ಉತ್ತರ ಕೊಡದ ಮನೆಗಳಿವೆ. ಆ ಹುಡುಗಿಯ ಮನೆಯವರು ಬೇರೆ ಸಂಬಂಧ ನೋಡಬೇಕೋ ಬಾರದೋ ತಿಳಿಯದೆ ಕೂತಿರುತ್ತಾರೆ. ನನ್ನ ತಂಗಿಗೆ ಹೀಗಾಯಿತು. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ.

ಗೋಪುರದ ಹಂತಗಳ ನಡುವೆ ವಿನ್ಸೆಂಟನಂತೆಯೇ ಸಿಕ್ಕಿಬಿದ್ದ ಗಂಡಸರು ಕುರಿಗಳಾಗಿ ಕಾಣುತ್ತಾರೆ, ಹತ್ತುವ ಪಟ್ಟುಗಳನ್ನು ಹೇಳಿಕೊಡುತ್ತಾರೆ. ಮುಂದೆ ಚರ್ಚಿನಲ್ಲಿರುವಂಥ ಒಂದು ತಪ್ಪೊಪ್ಪಿಗೆಯ ಗೂಡು. ಅಲ್ಲಿ ಪ್ರಶ್ನೆ ಕೇಳುತ್ತಾರೆ, ಎರಡು ಹಗ್ಗಗಳಲ್ಲಿ ಒಂದನ್ನು ಎಳೆದು ಉತ್ತರಿಸಬೇಕು. ಮದುವೆಯಿಂದ ಬದುಕು ಶುರುವಾಗುತ್ತದೆಯೋ, ಮುಗಿಯುತ್ತದೆಯೋ? ಇದು ಅಲ್ಲಿನ ಒಂದು ಪ್ರಶ್ನೆ. ಇಂಥ ಉತ್ತರಗಳನ್ನು ನೋಡಿಕೊಂಡು ಆಟ ತನ್ನ 8 ಅಂತ್ಯಗಳಲ್ಲಿ ಒಂದಕ್ಕೆ ಒಯ್ಯುತ್ತದೆ.

ನನಗೆ ಮದುವೆ ಗೊತ್ತಾಗಿದೆ. ಹುಡುಗಿ ವಿಜಯಪುರದವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಈ ಪ್ರಶ್ನೆಯನ್ನು ಫೋನಿನಲ್ಲಿ ಅವಳಿಗೂ ಕೇಳಿದೆ.

‘ಯಾರ ಬದುಕು? ಅದನ್ನು ಹೇಳದೆ ಹಗ್ಗ ಎಳೆಯುವುದು ಹೇಗೆ? ನೀವು ನಿಮ್ಮ ಊರಿನಲ್ಲೇ ಇರುತ್ತೀರಿ. ನಾನು ಕೆಲಸ ಬಿಟ್ಟು ಬರಬೇಕೋ, ವರ್ಗಾವಣೆಗೆ ಕಾಯಬೇಕೋ, ಅದನ್ನು ಮೊದಲು ಕೇಳಿ.’

ಆಟದ ಬಗ್ಗೆ ನನಗಿದ್ದ ಅಸಮಾಧಾನಕ್ಕೆ ಅವಳ ಮಾತಿನಿಂದ ರೂಪ ಬಂತು. ಬಹುಕಾಲದ ಗೆಳತಿ ಕ್ಯಾಥರೀನಳನ್ನು ನಾವು ಉದ್ದಕ್ಕೂ ವಿನ್ಸೆಂಟನ ಹೆದರಿಕೆಯ ಕಣ್ಣಿನಿಂದಲೇ ನೋಡುತ್ತೇವೆ. ಕನಸಿನಲ್ಲಿ ಮದುಮಗಳು ರಾಕ್ಷಸಿಯಾಗುತ್ತಾಳೆ, ಮಗು ಬೆಟ್ಟದಷ್ಟು ದೊಡ್ಡದಾಗಿ ಬೆನ್ನಟ್ಟುತ್ತದೆ. ಹೆದರಿದ ಮನಸ್ಸಿಗೆ ಹೀಗೆಯೇ ಕಾಣುತ್ತದೆ, ಅದು ನಿಜ. ಆದರೆ ಅವನ ಉತ್ತರಕ್ಕಾಗಿ ಕಾಯುತ್ತ ಅವಳು ಕಳೆದ ರಾತ್ರಿಗಳು ಹೇಗಿದ್ದವು? ಅವಳಿಗೊಂದು ಗೋಪುರವನ್ನು ಆಟ ಕಟ್ಟಿಕೊಡಲಿಲ್ಲ. ಇಷ್ಟು ಒಳ್ಳೆಯ ಆಟದಲ್ಲಿ ಈ ಕೊರತೆ ನನ್ನನ್ನು ನೋಯಿಸುತ್ತದೆ.

ಮುಂದಿನ ವಾರ ಯಾದಿ, ಅಂದರೆ ಮದುವೆಯ ಮಾತುಕತೆಯ ಪಟ್ಟಿ, ಬರೆಯಲು ಹಿರಿಯರು ಸೇರುತ್ತಾರೆ. ಸೀರೆ, ಬಂಗಾರ, ಊಟದ ಖರ್ಚು ಎಲ್ಲವೂ ಕಾಗದದ ಮೇಲೆ ಬರುತ್ತವೆ. ಅವಳ ನೌಕರಿಯ ಮಾತನ್ನೂ ಅಲ್ಲೇ, ಎಲ್ಲರ ಎದುರಿಗೆ ಎತ್ತುತ್ತೇನೆಂದು ಕಾಕಾನಿಗೆ ತಿಳಿಸಿದ್ದೇನೆ. ‘ಯಾದಿಯಲ್ಲಿ ಅಂಥದ್ದನ್ನೆಲ್ಲ ಬರೆಯುವ ಪದ್ಧತಿ ಇಲ್ಲಪ್ಪ’ ಎಂದರು. ಬರೆಯಲೇಬೇಕೆಂದು ಹೇಳಿದ್ದೇನೆ.