ಕೂಸಿಗೆ ಉಣಿಸೋರು ಯಾರು ಅಂತ ನಾನು ಕೇಳಿರಲೇ ಇಲ್ಲ

ನಾನು ಯಾದಗಿರಿ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿ. ನನ್ನ ಚೀಲದಲ್ಲಿ ಯಾವಾಗಲೂ ಒಂದು ತೋಳಿನ ಪಟ್ಟಿ ಇರುತ್ತದೆ. ಟೇಲರ್ ಟೇಪಿನ ಥರಾನೇ, ಆದರೆ ಕೆಂಪು, ಹಳದಿ, ಹಸಿರು ಬಣ್ಣದ್ದು. ಮಗುವಿನ ಎಡತೋಳಿನ ನಡುವಿಗೆ ಸುತ್ತಿ ನೋಡುವುದು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಬರ ಬಿದ್ದ ಆಫ್ರಿಕಾದ ಶಿಬಿರದಲ್ಲೂ ಇದೇ ಅಳತೆ, ಶಹಾಪುರದ ಹಳ್ಳಿಯಲ್ಲೂ ಇದೇ ಅಳತೆ.

ಎರಡು ವರ್ಷದ ಹಿಂದೆ, ಹತ್ತಿ ಬಿಡಿಸುವ ಸೀಸನ್. ಹದಿನಾಲ್ಕು ತಿಂಗಳ ಒಂದು ಕೂಸಿನ ತೋಳು 11.2 ಬಂತು. ಮಳೆಗಾಲದಲ್ಲಿ ಅದೇ ಕೂಸು ಹಸಿರಿನಲ್ಲಿತ್ತು. ಜಿಲ್ಲಾಸ್ಪತ್ರೆಯಲ್ಲಿ ಅಪೌಷ್ಟಿಕ ಮಕ್ಕಳಿಗೆ ಅಂತಲೇ ಇರುವ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇರಬೇಕು ಅಂದೆ. ತಾಯಿ ಒಲ್ಲೆ ಅಂದಳು. ನಾನು ರಿಜಿಸ್ಟರ್‌ನಲ್ಲಿ 'ತಾಯಿ ಒಪ್ಪಲಿಲ್ಲ' ಅಂತ ಬರೆದು, ಬೇಳೆ, ಮೊಟ್ಟೆ, ಸೊಪ್ಪು ಕೊಡು ಅಂತ ಹೇಳಿ ಎದ್ದು ಬಂದೆ. ಆ ಎರಡು ಪದ ಬರೆದಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಮುಂದಿನ ವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ತಾಯಿ ಇರಲಿಲ್ಲ. ಕಟ್ಟೆ ಮೇಲೆ ಒಂಬತ್ತು ವರ್ಷದ ಹುಡುಗಿ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಕೂತಿದ್ದಳು. ಕೈಯಲ್ಲಿ ಚಹಾದ ಲೋಟ. ಟೋಸ್ಟ್ ಅದ್ದಿ ಅದ್ದಿ ತಿನ್ನಿಸುತ್ತಿದ್ದಳು. 'ರೊಟ್ಟಿ ಕೊಟ್ರ ಉಗಳ್ತದ್ರಿ ಅಕ್ಕೋರ, ಇದಾದ್ರ ತಿಂತದ' ಅಂದಳು. ಒಳಗೆ ಬುಟ್ಟಿಯಲ್ಲಿ ಬೆಳಗಿನ ಜೋಳದ ರೊಟ್ಟಿ ಇತ್ತು, ಬಿರುಸಾಗಿತ್ತು. ಹಲ್ಲು ಸರಿಯಾಗಿ ಬಂದಿರದ ಕೂಸು ಉಗುಳದೆ ಏನು ಮಾಡೀತು?

ಸಂಜೆವರೆಗೂ ಅಲ್ಲೇ ಇದ್ದೆ. ತಾಯಿ ಬಂದಳು. ಸೀರೆ ತುಂಬ ಹತ್ತಿಯ ಎಳೆ, ಬೆರಳಿನ ತುದಿಯೆಲ್ಲ ಗೀರು. 'ಮುಂಜಾನಿ ಏಳಕ್ಕ ಹೋದ್ರ ಹೊತ್ತು ಮುಣುಗಿದ ಮ್ಯಾಲ ಬರೋದ್ರಿ. ಕಿಲೋ ಲೆಕ್ಕದಾಗ ರೊಕ್ಕ. ಹದಿನಾಕ ದಿನ ದವಾಖಾನ್ಯಾಗ ಕುಂತ್ರ ಉಳಿದಿಬ್ರು ಹುಡುಗ್ರಿಗೆ ಯಾರು ನೋಡ್ಬೇಕ್ರಿ?' ಅಂದಳು. ನೀ ಏನ್ ಉಂಡಿ ಯವ್ವಾ ಅಂತ ಕೇಳಿದೆ. 'ನಂದೇನ್ರಿ, ಉಳದದ್ದು ಉಣ್ತೀನಿ' ಅಂದಳು. ಅವಳು ಕೂಸಿಗೆ ಇನ್ನೂ ಹಾಲು ಕೊಡುತ್ತಿದ್ದಳು.

ನಾನು ಇಷ್ಟು ವರ್ಷ ತಾಯಂದಿರಿಗೆ ಪಾಠ ಹೇಳುತ್ತಿದ್ದೆ. ಉಣಿಸುತ್ತಿದ್ದದ್ದು ಅವಳಲ್ಲ, ಆ ಹುಡುಗಿ. ಅವಳ ಜೊತೆ ಯಾರೂ ಒಂದು ಮಾತು ಆಡಿರಲಿಲ್ಲ. ಅಂಗನವಾಡಿಗೆ ಬಂದು ಕೂರುವುದು ಮೂರು ವರ್ಷ ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಆಹಾರದ ಪ್ಯಾಕೆಟ್ ಮನೆಗೆ ಹೋಗುತ್ತದೆ. ಆದರೆ ಅದನ್ನು ಬೇಯಿಸಿ ಉಣಿಸುವವರು ಹಗಲು ಮನೆಯಲ್ಲಿ ಇರಬೇಕು, ಅಲ್ವಾ? ಆಮೇಲೆ ಹಳೇ ತೂಕದ ರಿಜಿಸ್ಟರ್ ಎಲ್ಲ ತೆಗೆದು ಕೂತೆ. ನಾನು ನೋಡಿಕೊಳ್ಳುವ ಅಂಗನವಾಡಿಗಳಲ್ಲಿ ಪುಟ್ಟ ಮಕ್ಕಳ ತೂಕ ಜಾಸ್ತಿ ಇಳಿದಿದ್ದು ಹತ್ತಿಯ ತಿಂಗಳುಗಳಲ್ಲೇ. ಮನೆಗೆ ದುಡ್ಡು ಬರುವ ತಿಂಗಳಲ್ಲೇ ಕೂಸು ಸೊರಗುತ್ತಿತ್ತು.

ಇದು ತೊಗರಿ ಬೆಳೆಯುವ ಸೀಮೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದ್ದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಕೂಡ ಸಿಕ್ಕಿದೆ. ಆದರೆ ಕೂಲಿಯವರ ಗಡಿಗೆಯಲ್ಲಿ ಬೇಳೆ ನೀರಾಗಿರುತ್ತದೆ, ಮೊದಲು ಬಡಿಸುವುದು ಗಂಡಸರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ನಮ್ಮ ಜಿಲ್ಲೆಯ ಸ್ಥಿತಿ ಅದಕ್ಕಿಂತ ಕೆಟ್ಟದು.

ಕೂಸನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿದೆ. ಜ್ವರ ಇಲ್ಲ, ಬಾವು ಇಲ್ಲ, ಕೊಟ್ಟರೆ ತಿನ್ನುತ್ತದೆ, ಹಾಗಾಗಿ ಮನೆಯಲ್ಲೇ ಇರಲಿ, ವಾರಕ್ಕೊಮ್ಮೆ ತಪ್ಪದೆ ತೂಕ ನೋಡಿ ಅಂದರು ಡಾಕ್ಟರ್. ಹುಡುಗಿಗೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಕಿವುಚಿ, ಒಂದು ಚಮಚ ಎಣ್ಣೆ ಹಾಕಿ ಉಣಿಸೋದು ತೋರಿಸಿಕೊಟ್ಟೆ. ಚಹಾಕ್ಕೆ ಮೊದಲು ಇದು, ಅಂದೆ. ಕಲಿತಳು, ಬೇಗ ಕಲಿತಳು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಇರಬೇಕಾದ ಹುಡುಗಿಗೆ ನಾನು ತಾಯಿತನದ ಕೆಲಸ ಕಲಿಸಿ ಬಂದಿದ್ದೆ.

ಪಂಚಾಯಿತಿ ಊರಲ್ಲಿ 'ಕೂಸಿನ ಮನೆ' ಅನ್ನುವ ಶಿಶುಪಾಲನಾ ಕೇಂದ್ರ ಇದೆ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತಲೇ 2023ರಲ್ಲಿ ರಾಜ್ಯದಲ್ಲಿ ಶುರುವಾದದ್ದು. ಹತ್ತಿರದವರಿಗೆ ತುಂಬಾ ಅನುಕೂಲ. ಈ ಊರಿಂದ ಅದು ಮೂರು ಕಿಲೋಮೀಟರ್. ಕೊನೆಗೆ ಅದೇ ಓಣಿಯ ಒಬ್ಬ ಅಜ್ಜಿ ಒಪ್ಪಿದಳು. ಅವಳ ಮೊಣಕಾಲು ನೋವು, ಹೊಲಕ್ಕೆ ಹೋಗುತ್ತಿರಲಿಲ್ಲ. ನಾಲ್ಕು ಕೂಸುಗಳನ್ನು ನೋಡಿಕೊಂಡಳು. ಹತ್ತಿಗೆ ಹೋಗುವ ತಾಯಂದಿರು ದಿನಕ್ಕೆ ಹತ್ತು ಹತ್ತು ರೂಪಾಯಿ ಕೊಟ್ಟರು. ಅಂಗನವಾಡಿ ಸಹಾಯಕಿ ಹೋಗಿ ಮಧ್ಯಾಹ್ನ ಉಣಿಸಿ ಬರುತ್ತಿದ್ದಳು. ಹುಡುಗಿ ಶಾಲೆಗೆ ಹೋದಳು. ಯುಗಾದಿಗೆ ಕೂಸಿನ ತೋಳು 12.1 ಆಯಿತು. ಇನ್ನೂ ಹಳದಿಯೇ.

ಈಗ ಯಾವ ಮನೆಗೆ ಹೋದರೂ ನನ್ನ ಮೊದಲ ಪ್ರಶ್ನೆ: ಇವತ್ತು ಮಧ್ಯಾಹ್ನ ಈ ಕೂಸಿಗೆ ಉಣಿಸಿದ್ದು ಯಾರು? ಎರಡನೆಯದು: ನೀ ಏನ್ ಉಂಡಿ ಯವ್ವಾ?

ಹತ್ತಿ ಬಿಡಿಸೋಕೆ ಇನ್ನು ಹದಿನೈದು ದಿನ ಇದೆ. ಅಷ್ಟರೊಳಗೆ ಇನ್ನೂ ಎರಡು ಊರಲ್ಲಿ ಅಜ್ಜಿಯಂದಿರನ್ನು ಹುಡುಕಬೇಕು.