ಕಲಿಕಾ ತಾಣದ ಮರುವಿನ್ಯಾಸ, ಎಂಟನೇ ವಾರ: ಅರ್ಕಾವತ್ತು ಮತ್ತು ಒಂಬತ್ತು

ಮಂಡ್ಯ ಸುತ್ತಲಿನ ಆರು ಪ್ರೌಢಶಾಲೆಗಳು ಸೇರಿ ಬಳಸುವ ಹಳೆಯ ಕಲಿಕಾ ತಾಣವನ್ನು ಹೊಸದಾಗಿ ಕಟ್ಟುವ ಕೆಲಸಕ್ಕೆ ಕೈಹಾಕಿ ಎರಡು ತಿಂಗಳಾಯಿತು. ಇದು ಸಂಬಳದ ಕೆಲಸವಲ್ಲ. ವಾರವಿಡೀ ಮೈಸೂರಿನಲ್ಲಿ ಕಚೇರಿ, ರಾತ್ರಿ ಎರಡು ಗಂಟೆ ಇದಕ್ಕೆ, ಶನಿವಾರ ಬೆಳಗಿನ ರೈಲಿಗೆ ಮಂಡ್ಯ. ಈ ವಾರ ಬಣ್ಣ, ಗುಂಡಿ, ಮುಖಪುಟ ಯಾವುದನ್ನೂ ಮುಟ್ಟಲಿಲ್ಲ. ಏಳು ದಿನವೂ ಪಾಠಗಳ ಅಕ್ಷರಗಳಲ್ಲೇ ಕಳೆದವು.

ತಾಣದ ಅಡಿಪಾಯ ಮೂಡಲ್, ಪಾಠಗಳನ್ನು ಜಾಲದಲ್ಲಿ ಇಟ್ಟು ಕಲಿಸಲು ಬಳಸುವ ತಂತ್ರಾಂಶ. 2002ರಲ್ಲಿ ಮೊದಲ ಆವೃತ್ತಿ ಕಂಡ ಈ ಮುಕ್ತ ತಂತ್ರಾಂಶ ಇಂದಿಗೂ ಗಟ್ಟಿಯಾಗಿದೆ. ಹಳತಾಗಿದ್ದದ್ದು ನಮ್ಮ ಪ್ರತಿ. 4.0 ಆವೃತ್ತಿಗೆ ಏರಬೇಕಾದರೆ ಕನಿಷ್ಠ 3.6 ಇರಬೇಕು, ನಮ್ಮದು ಅದಕ್ಕೂ ಹಿಂದಿನದು. ಆದ್ದರಿಂದ ಒಂದೊಂದೇ ಮೆಟ್ಟಿಲು ಏರಿಸಿದೆ, ಪ್ರತಿ ಮೆಟ್ಟಿಲಿಗೂ ಮುಂಚೆ ಪೂರ್ತಿ ನಕಲು ತೆಗೆದಿಟ್ಟೆ. ಅದು ನಾಲ್ಕನೇ ವಾರಕ್ಕೇ ಮುಗಿದಿತ್ತು.

ಬ್ರೌಸರ್‌ನಲ್ಲಿ ಚಲಿಸುವ ಚಿತ್ರ ತೋರಿಸಲು ಹಿಂದೆ ಬಳಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಅನಿಮೇಶನ್‌ಗಳ ಕಥೆ ಇನ್ನೂ ನಡೆಯುತ್ತಿದೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಅದರ ಪ್ಲೇಯರ್ ಕಡತಗಳನ್ನು ಓಡಿಸುವುದನ್ನೇ ಬಿಟ್ಟಿತು. ನಮ್ಮ ಹದಿನಾಲ್ಕು ಅನಿಮೇಶನ್‌ಗಳು ಅಂದಿನಿಂದ ಬರೀ ಖಾಲಿ ಚೌಕಗಳು. ಮಕ್ಕಳು ಮನೆಯಲ್ಲೇ ಕುಳಿತು ಕಲಿಯಬೇಕಾಗಿದ್ದ ಕಾಲದಲ್ಲೇ ಹೀಗಾಯಿತೆಂಬುದು ನನಗೆ ಈಗಲೂ ಸಂಕಟ ಕೊಡುತ್ತದೆ. ರಫಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಒಂಬತ್ತು ಮತ್ತೆ ಓಡಿದವು. ಉಳಿದ ಐದನ್ನು ಹೊಸದಾಗಿಯೇ ಮಾಡಬೇಕು.

ಈಗ ಅಕ್ಷರಗಳ ವಿಷಯ. ತಾಣದ ವಿಜ್ಞಾನ ಪಾಠಗಳಲ್ಲಿ ಹೆಚ್ಚಿನವನ್ನು ಬರೆದ ಮೇಷ್ಟ್ರು ನಿವೃತ್ತರಾಗಿದ್ದಾರೆ. ಕಣ್ಣಂಬಾಡಿ ಕಟ್ಟೆ ತುಂಬಿದಾಗಿನ 124.80 ಅಡಿಯ ಮಟ್ಟದಿಂದ ಹೊರಟು ದ್ರವದ ಒತ್ತಡ ವಿವರಿಸಿದ್ದಾರೆ; ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವುದನ್ನು ತೋರಿಸಿ ಆವಿಯಾಗುವಿಕೆ ಹೇಳಿದ್ದಾರೆ. ಮಂಡ್ಯದ ಮಗುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಆದರೆ ಆ ಪಾಠವನ್ನು ಮೊಬೈಲ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ, ತಲೆಯ ಮೇಲೆ ಚುಕ್ಕಿ ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ. ಎಲ್ಲ ಭಾಷೆಯ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ‘ನುಡಿ’, ‘ಬರಹ’ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಾಠಗಳವು. ಆ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಶಾಲೆಯ ಕಂಪ್ಯೂಟರ್‌ಗಳಲ್ಲಿ ಫಾಂಟ್ ಇದ್ದುದರಿಂದ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಹುಡುಕಿದರೆ ಒಂದು ಪದವೂ ಸಿಗುತ್ತಿರಲಿಲ್ಲ.

ಪರಿವರ್ತಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ನಾನೇ ಬರೆದೆ. ಮೊದಲ ಫಲಿತಾಂಶದಲ್ಲಿ ‘ಸೂರ್ಯ’ ಹೋಗಿ ‘ಸೂಯರ್’ ಆಗಿತ್ತು, ‘ವರ್ಗ’ ಹೋಗಿ ‘ವಗರ್’. ಕಾರಣ ಸರಳ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರ ಇಡುತ್ತದೆ, ಅರ್ಕಾವತ್ತು, ಅಂದರೆ ‘ರ್’ ಸೂಚಿಸುವ ಗುರುತು, ಕೊನೆಯಲ್ಲಿ ಬರುತ್ತದೆ. ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ, ಅಲ್ಲಿ ‘ರ್’ ಮೊದಲು. ಒಂದು ಸ್ಥಾನ ಹಿಂದಕ್ಕೆ ಸರಿಸಿದೆ. ‘ಸೂರ್ಯ’ ನೇರವಾಯಿತು, ‘ಕರ್ನಾಟಕ’ ಮುರಿಯಿತು, ಏಕೆಂದರೆ ಅಲ್ಲಿ ನಡುವೆ ದೀರ್ಘವಿದೆ. ‘ಅರ್ಘ್ಯ’ದಲ್ಲಿ ನಡುವೆ ಒತ್ತಕ್ಷರ. ಗುಣಿತ, ಒತ್ತು ಎಲ್ಲವನ್ನೂ ದಾಟಿ ಇಡೀ ಅಕ್ಷರದ ಹಿಂದಕ್ಕೆ ‘ರ್’ ಹೋಗಬೇಕು. ಛಂದಸ್ಸಿನ ಪಾಠದಲ್ಲಿ ಮಾತ್ರೆ ಹಾಕುವಾಗ ಯಾವುದನ್ನು ಒಂದು ಅಕ್ಷರವೆಂದು ಎಣಿಸುತ್ತಿದ್ದೆವೋ ಅದನ್ನೇ ಪ್ರೋಗ್ರಾಂಗೂ ಕಲಿಸಬೇಕಾಯಿತು. ಇದಕ್ಕೆ ಮೂರು ರಾತ್ರಿ ಹಿಡಿಯಿತು.

ಅಷ್ಟರಲ್ಲಿ ಇನ್ನೊಂದು ತೊಡಕು. ಈಚಿನ ಪಾಠಗಳು ಯೂನಿಕೋಡ್‌ನಲ್ಲೇ ಇವೆ. ಆದರೆ ಅರ್ಕಾವತ್ತು ಮೂಡಿಸುವ ಬಗೆ ತಿಳಿಯದ ಯಾರೋ ಎಲ್ಲ ಕಡೆಯೂ ಕನ್ನಡದ ಒಂಬತ್ತನ್ನು ಒತ್ತಿದ್ದಾರೆ: ‘ಕನಾ೯ಟಕ’, ‘ವಷ೯’. ಅಂಗಡಿ ಫಲಕಗಳಲ್ಲೂ ಇದನ್ನು ನೋಡಿದ್ದೇನೆ, ಕಣ್ಣಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ. ಎಲ್ಲ ೯ಗಳನ್ನೂ ಒಂದೇ ಏಟಿಗೆ ‘ರ್’ ಮಾಡಿಸಿದೆ. ಆತುರಪಟ್ಟೆ.

ಶನಿವಾರ ಪರೀಕ್ಷೆಗೆಂದು ಪಾಠ ತೆರೆದ ಎಂಟನೇ ತರಗತಿಯ ಹುಡುಗಿಯೊಬ್ಬಳು, ‘ಅಕ್ಕಾ, ಸ್ವಾತಂತ್ರ್ಯ ಬಂದ ವರ್ಷ ಓದಲು ಬರುತ್ತಿಲ್ಲ’ ಎಂದಳು. ೧೯೪೭ ಎಂದಿರಬೇಕಾದ ಕಡೆ ‘ರ್೧೪೭’ ಎಂದಿತ್ತು. ಸಮಾಜ ವಿಜ್ಞಾನದ ಪಾಠಗಳಲ್ಲಿ ಇಪ್ಪತ್ತನೇ ಶತಮಾನದ ಇಸವಿಗಳೆಲ್ಲ ಹೀಗೆಯೇ ಕೆಟ್ಟಿದ್ದವು. ಅಂದೇ ರಾತ್ರಿ ನಕಲಿನಿಂದ ಎಲ್ಲವನ್ನೂ ಹಿಂದಕ್ಕೆ ತಂದೆ. ಆ ಹುಡುಗಿ ಹೇಳದಿದ್ದರೆ ಇದು ತಿಂಗಳುಗಟ್ಟಲೆ ಹಾಗೆಯೇ ಇರುತ್ತಿತ್ತು.

ಈಗಿನ ನಿಯಮ: ಅಕ್ಕಪಕ್ಕ ಅಂಕಿ ಇದ್ದರೆ, ಹಿಂದೆ ಖಾಲಿ ಜಾಗವಿದ್ದರೆ ಅದು ಒಂಬತ್ತು. ಅಕ್ಷರಕ್ಕೆ ಅಂಟಿಕೊಂಡಿದ್ದರೆ ಅರ್ಕಾವತ್ತು. ಇದಕ್ಕೂ ಸಿಗದವು ಇವೆ. ಜಾಗ ಬಿಡದೆ ‘ಪಾಠ೯’ ಎಂದು ಬರೆದಿದ್ದರೆ ಯಂತ್ರ ಅದನ್ನು ‘ಪಾರ್ಠ’ ಮಾಡುತ್ತದೆ. ಅನುಮಾನದ ಅರವತ್ತೊಂದು ಜಾಗಗಳನ್ನು ಬೇರೆ ಪಟ್ಟಿ ಮಾಡಿದ್ದೇನೆ, ಅವನ್ನು ಮನುಷ್ಯರೇ ನೋಡಬೇಕು.

ವಿನ್ಯಾಸದಲ್ಲಿ ಒಂದು ತೀರ್ಮಾನ ಮಾತ್ರ ಆಯಿತು. ಮಕ್ಕಳು ತಾಣಕ್ಕೆ ಬರುವುದು ರಾತ್ರಿ ಎಂಟರ ನಂತರ, ಅಪ್ಪನೋ ಅಮ್ಮನೋ ಮನೆಗೆ ಬಂದು ಮೊಬೈಲ್ ಕೈಗೆ ಕೊಟ್ಟ ಮೇಲೆ. ಹಳೆಯ ಮುಖಪುಟದಲ್ಲಿ ಮೊದಲು ಬರುತ್ತಿದ್ದದ್ದು ಸಮಾರಂಭಗಳ ದೊಡ್ಡ ಚಿತ್ರಗಳು. ಅವು ತೆರೆದುಕೊಳ್ಳುವುದರೊಳಗೆ ಮಗುವಿನ ಸರದಿ ಮುಗಿದು ಮೊಬೈಲ್ ತಮ್ಮನ ಕೈ ಸೇರಿರುತ್ತದೆ. ಚಿತ್ರಗಳು ಮೇಲೆಯೇ ಇರಲಿ ಎಂದು ಸಭೆಯಲ್ಲಿ ಒತ್ತಾಯ ಬಂತು, ನಾನು ಒಪ್ಪಲಿಲ್ಲ. ಅವಕ್ಕೆ ಬೇರೆ ಪುಟ ಸಿಕ್ಕಿದೆ. ಮುಖಪುಟದಲ್ಲಿ ಈಗ ನಿನ್ನೆ ಬಿಟ್ಟ ಪಾಠ ಮೊದಲು ಬರುತ್ತದೆ. ಅದರ ಕೆಳಗೆ ಅಕ್ಕ ತಮ್ಮಂದಿರು ತಮ್ಮ ತಮ್ಮ ಖಾತೆಗೆ ಬದಲಾಯಿಸಿಕೊಳ್ಳುವ ಗುಂಡಿ ಇರಬೇಕು, ಅದು ಇನ್ನೂ ಆಗಿಲ್ಲ.

ಬರುವ ಶನಿವಾರ ಪಟ್ಟಿಯನ್ನು ಮುದ್ರಿಸಿಕೊಂಡು ಕನ್ನಡ ಮೇಡಂ ಅವರಿಗೆ ಕೊಡುತ್ತೇನೆ. ಮೇಷ್ಟ್ರ ಮನೆಗೂ ಹೋಗಬೇಕು. ಒತ್ತಡದ ಪಾಠದ ಕೊನೆಯ ಸಾಲು ‘ಕಟ್ಟೆಯ ಗೋಡೆ ಬುಡದಲ್ಲಿ ಅಗಲವಾಗಿರಲು ಕಾರಣ’ ಎಂಬಲ್ಲಿಗೆ ನಿಂತಿದೆ, ಎಲ್ಲ ಹಳೆಯ ನಕಲುಗಳಲ್ಲೂ ಅಷ್ಟೇ ಇದೆ. ಕಾರಣ ನನಗೂ ಗೊತ್ತು, ಆದರೆ ಆ ಸಾಲನ್ನು ಅವರ ಮಾತಿನಲ್ಲೇ ಮುಗಿಸಿ ತರುತ್ತೇನೆ.