ತೂಕ ಏರಿದ್ದು ಯಾವಾಗಿಂದ ಅಂತ ಮೊದಲು ಕೇಳಿ

ನಾನು ತೂಕದ ಕ್ಲಿನಿಕ್‌ನಲ್ಲಿ ಡಯೆಟಿಶಿಯನ್. ಹೊಸಬರು ಬಂದಾಗ ತುಂಬುವ ನಮ್ಮ ಇಂಟೇಕ್ ಫಾರ್ಮ್ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಕಾರಣ ಬರೆಯಲು ಅದರಲ್ಲಿರುವುದು ಎರಡೇ ಟಿಕ್: ಜಾಸ್ತಿ ಊಟ, ಕಡಿಮೆ ವ್ಯಾಯಾಮ.

ಈಚೆಗೆ ಹದಿಹರೆಯದ ಹುಡುಗನೊಬ್ಬ ತಾಯಿ ಜೊತೆ ಬಂದಿದ್ದ. ಜೂನಿಯರ್ ಎರಡಕ್ಕೂ ಟಿಕ್ ಹಾಕಿ ಡಯಟ್ ಚಾರ್ಟ್ ಪ್ರಿಂಟ್‌ಗೆ ಕೊಟ್ಟಾಗಿತ್ತು. ಹುಡುಗ ತಲೆ ಎತ್ತಲೇ ಇಲ್ಲ. ನಾನು ಹಳೇ ಗ್ರೋತ್ ಚಾರ್ಟ್ ತೆಗೆಸಿದೆ. ವರ್ಷಗಟ್ಟಲೆ ಒಂದೇ ಹಾದಿಯಲ್ಲಿದ್ದ ತೂಕದ ಗೆರೆ ಒಂದು ಕಡೆ ಥಟ್ಟನೆ ಮೇಲೇರಿತ್ತು. "ಆಗ ಏನಾಯ್ತಮ್ಮ?" ಅಂದೆ. ಫಿಟ್ಸ್‌ಗೆ ವ್ಯಾಲ್‌ಪ್ರೋಯೇಟ್ ಶುರುವಾಗಿತ್ತು. ಆ ಮಾತ್ರೆಯಿಂದ ಹಸಿವೂ ತೂಕವೂ ಏರುವುದುಂಟು.

"ಹಾಗಾದ್ರೆ ಇವತ್ತಿಂದ್ಲೇ ನಿಲ್ಲಿಸ್ತೀನಿ" ಅಂತ ತಾಯಿ ಎದ್ದೇಬಿಟ್ಟರು. ನನಗೆ ಎದೆ ಧಸಕ್ಕೆಂದಿತು. ಸುಮ್ನೆ ಹಾಗೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ಜೀವಕ್ಕೇ ಕುತ್ತು. ಬಾಗಿಲವರೆಗೆ ಹೋಗಿ ತಡೆದೆ. ನ್ಯೂರಾಲಜಿಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ, ಹೊರಗೆ ಕ್ಯೂ ಬೆಳೆಯುತ್ತಿದೆ, ತಾಯಿ ಅಳುತ್ತಾ "ನನ್ನ ಅಡುಗೆಯದ್ದೇ ತಪ್ಪು ಅಂದ್ಕೊಂಡಿದ್ದೆ" ಅನ್ನುತ್ತಿದ್ದಾರೆ. ಕೊನೆಗೂ ಡಾಕ್ಟರ್ ಸಿಕ್ಕರು, ಮಾತ್ರೆ ಮುಂದುವರಿಸಿ, ಬೇಗ ಬಂದು ತೋರಿಸಿ ಅಂದರು. ಆಮೇಲೇ ಅವರನ್ನು ಬಿಟ್ಟೆ.

ಒಂದೊಂದು ವಯಸ್ಸಿಗೂ ತೂಕ ಏರುವ ದಾರಿ ಬೇರೆ. ಬಸುರಿನಲ್ಲಿ ತಾಯಿಗೆ ಶುಗರ್ ಇದ್ದರೆ ಮಗುವಿಗೆ ಮುಂದೆ ಬೊಜ್ಜಿನ ಅಪಾಯ ಹೆಚ್ಚು. ಮಗುವಿನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಇಳಿದು ಮತ್ತೆ ಏರುವುದು ಸಾಮಾನ್ಯವಾಗಿ 5-7ನೇ ವಯಸ್ಸಿಗೆ. ಅದಕ್ಕಿಂತ ಬೇಗ ಏರಿದರೆ ಎಚ್ಚರ ಬೇಕು. ದೊಡ್ಡವರಲ್ಲಿ ನೈಟ್ ಶಿಫ್ಟ್, ನಿದ್ದೆಗೇಡು, ಹೆರಿಗೆಯ ನಂತರ ಇಳಿಯದ ತೂಕ. ಮುಟ್ಟು ನಿಲ್ಲುವ ಹೊತ್ತಿಗೆ ಕೊಬ್ಬು ಹೊಟ್ಟೆಗೆ ಸೇರುತ್ತದೆ. ವಯಸ್ಸಾದವರಲ್ಲಿ ಸ್ನಾಯು ಕರಗಿ ಕೊಬ್ಬು ಕೂತರೂ ತೂಕದ ಮಿಷನ್‌ಗೆ ಗೊತ್ತೇ ಆಗುವುದಿಲ್ಲ.

ನಮ್ಮಲ್ಲಿಗೆ ಬೇರೆ ಬೇರೆ ಮೂಲದ ಜನ ಬರುತ್ತಾರೆ. ಸಾಫ್ಟ್‌ವೇರ್ ಮಾತ್ರ ಎಲ್ಲರಿಗೂ ಬಿಎಂಐ 25 ದಾಟಿದ ಮೇಲೇ ಕೆಂಪು ತೋರಿಸುತ್ತದೆ. ಅದೇ ಬಿಎಂಐನಲ್ಲಿ ದಕ್ಷಿಣ ಏಷ್ಯಾ ಮೂಲದವರಿಗೆ ಕೊಬ್ಬು ಜಾಸ್ತಿ, ಪೆಸಿಫಿಕ್ ದ್ವೀಪಗಳಾದ ಪಾಲಿನೇಷ್ಯಾದವರಿಗೆ ಸ್ನಾಯು ಜಾಸ್ತಿ. ಏಷ್ಯಾದವರಿಗೆ 23ಕ್ಕೇ ಎಚ್ಚರ ವಹಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದ್ದು 2004ರಲ್ಲಿ! ಹಾಗಂತ ಎಲ್ಲವನ್ನೂ ಮೂಲದ ಮೇಲೆ ಹಾಕುವುದೂ ತಪ್ಪು. ವಲಸೆ ಬಂದವರಿಗೆ ಸಿಗುವ ಕೆಲಸ, ಸಂಬಳ, ಮನೆ ಇವೂ ಮೈಮೇಲೆ ಕೂರುತ್ತವೆ, ಅಲ್ವಾ?

ಫಾರ್ಮ್ ಬದಲಿಸಿ ಅಂತ ಮ್ಯಾನೇಜ್‌ಮೆಂಟ್‌ಗೆ ಬರೆದಿದ್ದೇನೆ. "ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ" ಅಂದಿದ್ದಾರೆ. ಅಲ್ಲಿವರೆಗೆ ಜೂನಿಯರ್‌ಗಳಿಗೆ ಹೇಳಿರುವುದು ಇಷ್ಟು: ಮಾತ್ರೆಗಳ ಪಟ್ಟಿ ಕೇಳಿ, ಟೇಪ್ ಹಿಡಿದು ಸೊಂಟ ಅಳೆಯಿರಿ. ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದ್ದರೆ, ಸ್ಕ್ರೀನ್ ಹಸಿರಿದ್ದರೂ ಶುಗರ್ ಟೆಸ್ಟ್ ಬರೆಸಿ.